ಇಪ್ಪತ್ತು ಟ್ಯಾಪ್‌ಗಳ ಮುಂದೆ ನಿಂತಾಗ: ಮುಂಬೈಯ ಕ್ರಾಫ್ಟ್ ಬಿಯರ್ ಬಾರ್‌ಗೆ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬೈ ಕನ್ನಡಿಗರಿಗೆ ಬಾರ್ ಹೊಸತೇನಲ್ಲ. ಈ ನಗರದ ಪರ್ಮಿಟ್ ರೂಮ್‌ಗಳಲ್ಲಿ ಬಹಳಷ್ಟನ್ನು ದಶಕಗಳಿಂದ ನಡೆಸಿಕೊಂಡು ಬಂದವರು ನಮ್ಮ ಕರಾವಳಿಯ ಶೆಟ್ಟರು, ಪೂಜಾರಿಗಳು. ಆದರೆ ಅಲ್ಲಿ ಬಿಯರ್ ಕೇಳಿದವನಿಗೆ ಎದುರಾಗುತ್ತಿದ್ದದ್ದು ಎರಡೇ ಪ್ರಶ್ನೆ: ಮೈಲ್ಡೋ ಸ್ಟ್ರಾಂಗೋ, ಮತ್ತು 650 ಮಿ.ಲೀ. ಬಾಟಲಿಯೋ 330ರದೋ. ಅದೇ ಗಿರಾಕಿ ಇಂದು ಲೋವರ್ ಪರೇಲ್, ಬಾಂದ್ರಾ, ಅಂಧೇರಿ ಅಥವಾ ಕೊಲಾಬಾದಲ್ಲಿ, ಸಣ್ಣ ತಯಾರಕರ ಬಿಯರ್ ಸಿಗುವ ಕ್ರಾಫ್ಟ್ ಬಿಯರ್ ಬಾರೊಂದಕ್ಕೆ ಹೋದರೆ ಕೌಂಟರಿನ ಹಿಂದಿನ ಗೋಡೆಯಲ್ಲಿ ಹನ್ನೆರಡೋ ಇಪ್ಪತ್ತೋ ಟ್ಯಾಪ್‌ಗಳು, ಅಂದರೆ ಬಿಯರ್ ನಲ್ಲಿಗಳು, ಸಾಲಾಗಿರುತ್ತವೆ. ಅವುಗಳ ಮೇಲಿನ ಹಲಗೆಯಲ್ಲಿ ಇರುವ ಹೆಸರುಗಳಲ್ಲಿ ಅರ್ಧಕ್ಕರ್ಧ ಹೋದ ತಿಂಗಳು ಇರಲಿಲ್ಲ, ಬರುವ ತಿಂಗಳು ಇರುವುದೂ ಇಲ್ಲ. ಒಂದು ಕೆಗ್ (ಬಿಯರ್ ತುಂಬಿದ ಲೋಹದ ಪೀಪಾಯಿ) ಖಾಲಿಯಾದರೆ ಅದೇ ಟ್ಯಾಪ್‌ಗೆ ಇನ್ನೊಂದು ಬ್ರೂವರಿಯ, ಅಂದರೆ ಬಿಯರ್ ತಯಾರಿಕಾ ಘಟಕದ, ಇನ್ನೊಂದು ಬಿಯರ್ ಬಂದು ಕೂರುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಹಲಗೆಯನ್ನು ಓದುವುದು ಹೇಗೆ, ಏನು ಕೇಳಬೇಕು, ಯಾವ ಕ್ರಮದಲ್ಲಿ ಕುಡಿಯಬೇಕು ಎಂಬುದು ತಿಳಿದಿದ್ದರೆ ಸಾಕು.

ಟ್ಯಾಪ್‌ಗಳ ಸಂಖ್ಯೆ ಹೆಚ್ಚಿದ್ದಷ್ಟೂ ಬಾರ್ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಇಪ್ಪತ್ತು ಟ್ಯಾಪ್ ಇಟ್ಟವನು ಇಪ್ಪತ್ತು ಕೆಗ್‌ಗಳನ್ನು ತಾಜಾ ಇರುವಾಗಲೇ ಮಾರಿ ಮುಗಿಸಬೇಕು. ಅಷ್ಟು ವ್ಯಾಪಾರವಿಲ್ಲದಿದ್ದರೆ ಆ ಉದ್ದನೆಯ ಸಾಲೇ ಅವನ ದೌರ್ಬಲ್ಯವಾಗುತ್ತದೆ. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹೊರಟವು.

ಮೊದಲ ಹೆಜ್ಜೆ: ಬಾರ್ ಯಾವ ಬಗೆಯದೆಂದು ತಿಳಿಯುವುದು

ಕ್ರಾಫ್ಟ್ ಬಿಯರ್ ಸಿಗುವ ಜಾಗಗಳು ಮುಖ್ಯವಾಗಿ ಮೂರು ಬಗೆಯವು. ಒಂದು, ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಬ್ರೂಪಬ್. ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ಆರಂಭವಾದ ಟಾಯ್ಟ್ ಈ ಬಗೆಯದು. ಎರಡು, ಬೇರೆಡೆ ತಯಾರಾದ ಒಂದೇ ಬ್ರೂವರಿಯ ಬಿಯರ್‌ಗಳನ್ನು ಬಡಿಸುವ ಟ್ಯಾಪ್‌ರೂಮ್. 2009ರಲ್ಲಿ ಪುಣೆಯಲ್ಲಿ ಶುರುವಾಗಿ, ದೇಶದ ಕ್ರಾಫ್ಟ್ ಬಿಯರ್ ಚಳವಳಿಗೆ ನಾಂದಿ ಹಾಡಿದ ಡೂಲಾಲಿಯು ಮುಂಬೈಯಲ್ಲಿ ನಡೆಸುವ ಟ್ಯಾಪ್‌ರೂಮ್‌ಗಳು ಇದಕ್ಕೆ ಉದಾಹರಣೆ. ಮೂರು, ಹಲವು ಬ್ರೂವರಿಗಳಿಂದ ಕೆಗ್ ತರಿಸಿ ಸರದಿಯ ಮೇಲೆ ಟ್ಯಾಪ್‌ಗೆ ಹಾಕುವ ಬಾರ್.

ಮೊದಲ ಎರಡು ಬಗೆಗಳಲ್ಲಿ ಆಯ್ಕೆ ಆರೆಂಟು ಬಿಯರ್‌ಗಳಿಗೆ ಸೀಮಿತವಾಗಿದ್ದರೂ ತಯಾರಿಕೆಯಿಂದ ಗ್ಲಾಸಿನವರೆಗಿನ ಹೊಣೆ ಒಬ್ಬರದೇ ಆಗಿರುತ್ತದೆ. ಮೂರನೆಯದರಲ್ಲಿ ಆಯ್ಕೆ ಸಮೃದ್ಧ, ಆದರೆ ಹೊಣೆ ಹಂಚಿಹೋಗಿರುತ್ತದೆ. ಗೇಟ್‌ವೇ, ಇಂಡಿಪೆಂಡೆನ್ಸ್, ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಮುಂತಾದ ಈ ಭಾಗದ ಬ್ರೂವರಿಗಳು ಕೆಲಸವನ್ನು ಎಷ್ಟೇ ಅಚ್ಚುಕಟ್ಟಾಗಿ ಮಾಡಿದ್ದರೂ, ಪುಣೆಯಿಂದ ಸುಮಾರು 150 ಕಿ.ಮೀ. ದೂರ ಬರುವ ಕೆಗ್ ದಾರಿಯಲ್ಲಿ ಬಿಸಿಯಾದರೆ, ಅಥವಾ ಬಾರಿನ ಕೋಲ್ಡ್ ರೂಮಿನ ಹೊರಗೆ ಒಂದು ಮಧ್ಯಾಹ್ನ ಕಳೆದರೆ, ಆ ಶ್ರಮವೆಲ್ಲ ವ್ಯರ್ಥ. ಕ್ರಾಫ್ಟ್ ಬಿಯರನ್ನು ಸಾಮಾನ್ಯವಾಗಿ ಪಾಶ್ಚರೀಕರಿಸಿರುವುದಿಲ್ಲ, ಅಂದರೆ ಕೆಡದಂತೆ ಕಾಯಿಸಿರುವುದಿಲ್ಲ; ಹಾಲಿನಷ್ಟೇ ಅಕ್ಕರೆಯಿಂದ ಅದನ್ನು ತಣ್ಣಗಿಟ್ಟು ಸಾಗಿಸಬೇಕು.

ಎರಡನೆಯ ಹೆಜ್ಜೆ: ದಿನ, ಹೊತ್ತು ಮತ್ತು ಕಾಗದಪತ್ರ

ಶನಿವಾರ ರಾತ್ರಿ 9 ಗಂಟೆಗೆ ಹೋದರೆ ಬಿಯರ್ ಬೇಗ ಬೇಗ ಖರ್ಚಾಗುತ್ತಿರುತ್ತದೆ, ಹಾಗಾಗಿ ತಾಜಾ ಇರುವ ಸಂಭವ ಹೆಚ್ಚು. ಆದರೆ ನಿಮ್ಮ ಪ್ರಶ್ನೆಗೆ ಉತ್ತರಿಸುವ ವ್ಯವಧಾನ ಕೌಂಟರಿನಲ್ಲಿ ಯಾರಿಗೂ ಇರುವುದಿಲ್ಲ, ಗದ್ದಲದಲ್ಲಿ ಪ್ರಶ್ನೆ ಕೇಳಿಸುವುದೂ ಇಲ್ಲ. ಸೋಮವಾರ ಹೋದರೆ ಇದು ತಿರುವುಮುರುವಾಗುತ್ತದೆ. ನನ್ನ ಮಟ್ಟಿಗೆ ಗುರುವಾರದ ಸಂಜೆ 6ರಿಂದ 8ರ ನಡುವಿನ ಹೊತ್ತು ಅತ್ಯುತ್ತಮ. ವಾರಾಂತ್ಯಕ್ಕೆ ಹೊಸ ಕೆಗ್‌ಗಳು ಬರತೊಡಗಿರುತ್ತವೆ, ಬಾರ್‌ಟೆಂಡರ್ ಮಾತಿಗೂ ಸಿಗುತ್ತಾನೆ. ಹೊರಡುವ ಮುನ್ನ ಬಾರಿನ ಇನ್‌ಸ್ಟಾಗ್ರಾಂ ಪುಟದಲ್ಲಿ ಆ ದಿನದ ಪಟ್ಟಿ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮದ್ಯ ಮಾರದ ಒಣದಿನಗಳೆಂಬುದು ಎಲ್ಲರಿಗೂ ಗೊತ್ತು. ಆದರೆ ಕರ್ನಾಟಕದಿಂದ ಹೊಸದಾಗಿ ಬಂದವರು ಆಷಾಢ ಏಕಾದಶಿ ಮತ್ತು ಗಣಪತಿ ವಿಸರ್ಜನೆಯ ಅನಂತ ಚತುರ್ದಶಿಯನ್ನು ಮರೆಯುತ್ತಾರೆ. ಚುನಾವಣೆ ಇದ್ದರೆ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳ ಕಾಲ ಮದ್ಯ ಮಾರಾಟ ನಿಷಿದ್ಧ.

ವಯಸ್ಸಿನ ವಿಷಯದಲ್ಲಿ ಮಹಾರಾಷ್ಟ್ರ ಕಟ್ಟುನಿಟ್ಟು. ವೈನ್ ಮತ್ತು ಸೌಮ್ಯ ಬಿಯರ್‌ಗೆ 21 ವರ್ಷ, ಉಳಿದ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಕ್ರಾಫ್ಟ್ ಬಾರಿನ ಹಲಗೆಯಲ್ಲಿ ಆಲ್ಕೋಹಾಲ್ ಶೇ. 7 ಅಥವಾ 8ರಷ್ಟಿರುವ ಬಿಯರ್‌ಗಳೂ ಇರುವುದರಿಂದ 25ರ ಒಳಗಿನವರನ್ನು ಕೆಲವು ಬಾರ್‌ಗಳು ಬಾಗಿಲಲ್ಲೇ ತಡೆಯುತ್ತವೆ. ಗುರುತಿನ ಚೀಟಿ ಜೇಬಿನಲ್ಲಿರಲಿ. ಇದಲ್ಲದೆ, 1949ರ ಬಾಂಬೆ ಪಾನನಿಷೇಧ ಕಾಯ್ದೆ ಇಂದಿಗೂ ಮಹಾರಾಷ್ಟ್ರ ಪಾನನಿಷೇಧ ಕಾಯ್ದೆಯೆಂಬ ಹೆಸರಿನಲ್ಲಿ ಜಾರಿಯಲ್ಲಿದ್ದು, ಅದರ ಪ್ರಕಾರ ಮದ್ಯ ಸೇವಿಸುವವನ ಬಳಿ ಪರವಾನಗಿ ಇರಬೇಕು. ಒಂದು ದಿನದ ಪರವಾನಗಿಯನ್ನು ಬಾರಿನವರೇ ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಮತ್ತೆ ಮತ್ತೆ ಹೋಗುವವರು ರಾಜ್ಯ ಅಬಕಾರಿ ಇಲಾಖೆಯಿಂದ ವಾರ್ಷಿಕ ಅಥವಾ ಆಜೀವ ಪರವಾನಗಿ ಮಾಡಿಸಿಟ್ಟುಕೊಳ್ಳುವುದು ಲೇಸು.

ಹೊರಡುವ ಮುನ್ನ ಊಟವೋ ತಿಂಡಿಯೋ ಆಗಿರಲಿ. ಕಟುವಾದ ಅತ್ತರು ಬೇಡ. ನಿಮ್ಮ ಮೂಗಿಗೂ ಪಕ್ಕದವರ ಮೂಗಿಗೂ ಅಂದು ಬೇರೆ ಕೆಲಸವಿದೆ.

ಮೂರನೆಯ ಹೆಜ್ಜೆ: ಹಲಗೆಯನ್ನು ಓದುವುದು

ಒಳಗೆ ಹೋದ ಕೂಡಲೇ ಮೇಜು ಹುಡುಕುವ ಬದಲು ಸಾಧ್ಯವಾದರೆ ಕೌಂಟರಿನ ಎದುರಿನ ಎತ್ತರದ ಸ್ಟೂಲನ್ನೇ ಹಿಡಿಯಿರಿ. ಟ್ಯಾಪ್‌ಗಳೂ ಹಲಗೆಯೂ ಬಾರ್‌ಟೆಂಡರನ ಕೈಕೆಲಸವೂ ಕಾಣುವ ಜಾಗ ಅದೊಂದೇ. ಹಲಗೆಯ ಪ್ರತಿ ಸಾಲಿನಲ್ಲಿ ಸಾಮಾನ್ಯವಾಗಿ ಬ್ರೂವರಿಯ ಹೆಸರು, ಬಿಯರಿನ ಹೆಸರು, ಅದರ ಶೈಲಿ, ಎರಡು ಅಂಕಿಗಳು, ಅಳತೆ ಮತ್ತು ಬೆಲೆ ಇರುತ್ತವೆ. ಬಿಯರಿನ ಹೆಸರನ್ನು ಬಿಟ್ಟುಬಿಡಿ. ತಮಾಷೆಗಾಗಿ ಇಟ್ಟ ಆ ಹೆಸರುಗಳಿಂದ ರುಚಿಯ ಬಗ್ಗೆ ಏನೂ ತಿಳಿಯದು. ನೋಡಬೇಕಾದದ್ದು ಶೈಲಿ ಮತ್ತು ಅಂಕಿಗಳನ್ನು.

ಮೊದಲನೆಯ ಅಂಕಿ ಎಬಿವಿ, ಅಂದರೆ ಗಾತ್ರದ ಲೆಕ್ಕದಲ್ಲಿ ಆಲ್ಕೋಹಾಲಿನ ಶೇಕಡಾ ಪ್ರಮಾಣ. ಎರಡನೆಯದು ಐಬಿಯು, ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬಂದ ಕಹಿಯ ಅಳತೆ. ಹತ್ತು ಹನ್ನೆರಡು ಇದ್ದರೆ ಕಹಿ ಇಲ್ಲವೆನ್ನುವಷ್ಟು ಕಡಿಮೆ, ಐವತ್ತು ದಾಟಿದರೆ ನಾಲಿಗೆಗೆ ಸ್ಪಷ್ಟವಾಗಿ ತಿಳಿಯುವಷ್ಟು. ಆದರೆ ಈ ಎರಡನೆಯ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿಯು ಕಹಿಯನ್ನು ಮುಚ್ಚುವುದರಿಂದ 40 ಐಬಿಯುವಿನ ದಟ್ಟ ಕಪ್ಪು ಸ್ಟೌಟ್, ಅಷ್ಟೇ ಐಬಿಯುವಿನ ತೆಳು ಹೊಂಬಣ್ಣದ ಪಿಲ್ಸ್ನರಿಗಿಂತ ಸೌಮ್ಯವೆನಿಸುತ್ತದೆ.

ಶೈಲಿಗಳು ನೂರಾರಿದ್ದರೂ ನಮ್ಮ ಹಲಗೆಗಳಲ್ಲಿ ಮತ್ತೆ ಮತ್ತೆ ಬರುವವು ಕೆಲವೇ. ಮೂಲದಲ್ಲಿ ಎರಡು ಕುಟುಂಬಗಳಿವೆ. ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುವ ಯೀಸ್ಟಿನಿಂದ ಏಲ್‌ಗಳು, 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ ವಾರಗಟ್ಟಲೆ ಮಾಗುವ ಯೀಸ್ಟಿನಿಂದ ಲಾಗರ್‌ಗಳು ಆಗುತ್ತವೆ. ಬಾಟಲಿಯಲ್ಲಿ ನಾವು ಬಲ್ಲ ಬಿಯರ್ ಬಹುತೇಕ ಲಾಗರ್. ಆ ರುಚಿಯ ಅಭ್ಯಾಸವಿರುವವರು ಪಿಲ್ಸ್ನರ್ ಎಂಬ ಲಾಗರ್ ಅಥವಾ ಲಾಗರಿನಷ್ಟೇ ಹಗುರವಾದ ಕೋಲ್ಷ್ ಎಂಬ ಏಲ್‌ನಿಂದ ಆರಂಭಿಸಿದರೆ ತೀರ ಅಪರಿಚಿತವೆನಿಸದು.

ಗೋಧಿ ಬಿಯರ್‌ನಲ್ಲಿ ಎರಡು ಬಗೆ. ಜರ್ಮನಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು ಮತ್ತು ಲವಂಗದ ಪರಿಮಳವಿರುತ್ತದೆ. ಅದರಲ್ಲಿ ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕಿರುವುದಿಲ್ಲ, ಆ ಸುವಾಸನೆಯೆಲ್ಲ ಯೀಸ್ಟಿನ ಕೊಡುಗೆ. ಬೆಲ್ಜಿಯಂನ ವಿಟ್‌ಬಿಯರ್‌ಗೆ ಮಾತ್ರ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಮುಂಬೈಯ ಸೆಕೆಗೆ ಇವೆರಡೂ ಹೇಳಿ ಮಾಡಿಸಿದಂಥವು, ಹೊಸಬರಿಗೆ ಸುಲಭವಾಗಿ ಒಗ್ಗುವಂಥವು ಕೂಡ.

ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ, ಹಾಪ್ಸ್ ಪ್ರಿಯರ ಬಿಯರ್. ಹಡಗಿನ ದೀರ್ಘ ಪ್ರಯಾಣದಲ್ಲಿ ಬಾಂಬೆ ಮತ್ತು ಕಲ್ಕತ್ತೆ ತಲುಪುವವರೆಗೆ ಕೆಡದಿರಲೆಂದು ಹಾಪ್ಸ್ ಹೆಚ್ಚು ಹಾಕಿ ಇದನ್ನು ಕಂಡುಹಿಡಿದರು ಎಂಬ ಕಥೆಯನ್ನು ಪ್ರತಿ ಬಾರಿನಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಹಾಪ್ಸ್ ಹೆಚ್ಚಿದ್ದದ್ದೂ, ಬಿಯರ್ ಇಲ್ಲಿಗೆ ಬಂದದ್ದೂ ನಿಜ. ಆದರೆ ಅದೇ ಹಡಗುಗಳಲ್ಲಿ ಕಪ್ಪು ಪೋರ್ಟರ್ ಕೂಡ ಧಾರಾಳವಾಗಿ ಬಂದಿಳಿಯುತ್ತಿತ್ತು, ಪೇಲ್ ಏಲ್ ಮಾತ್ರವೇ ಸಮುದ್ರ ದಾಟಬಲ್ಲದ್ದಾಗಿತ್ತು ಎಂಬುದು ಕಟ್ಟುಕತೆ. ಈಗಿನ ಹಲಗೆಗಳಲ್ಲಿ ಸ್ವಚ್ಛ, ಕಹಿ ಐಪಿಎ ಒಂದು ಬಗೆಯಾದರೆ, ಮಸುಕಾಗಿ, ಮಾವು ಮತ್ತು ಕಿತ್ತಳೆಯಂಥ ಹಣ್ಣಿನ ಪರಿಮಳ ಬೀರುವ, ಕಹಿ ಕಡಿಮೆ ಇರುವ ಹೇಜಿ ಐಪಿಎ ಇನ್ನೊಂದು ಬಗೆ. ಕಹಿ ಇಷ್ಟವಿಲ್ಲವೆಂದು ಐಪಿಎಯನ್ನೇ ದೂರವಿಟ್ಟವರು ಹೇಜಿಯನ್ನು ಒಮ್ಮೆ ಕೇಳಿ ನೋಡಬೇಕು.

ಹುರಿದ ಬಾರ್ಲಿಯಿಂದ ಮಾಡುವ ಸ್ಟೌಟ್ ಮತ್ತು ಪೋರ್ಟರ್‌ಗಳನ್ನು ಬಣ್ಣ ನೋಡಿಯೇ ಭಾರವೆಂದು ತಳ್ಳಿಹಾಕುವ ರೂಢಿ ಇದೆ. ಕಪ್ಪಿಗೂ ಆಲ್ಕೋಹಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲ, ಶೇ. 4.5ರ ಕಪ್ಪು ಸ್ಟೌಟ್ ಇದೆ, ಶೇ. 8ರ ಹೊಂಬಣ್ಣದ ಟ್ರಿಪೆಲ್ ಎಂಬ ಬೆಲ್ಜಿಯಂ ಏಲ್ ಇದೆ. ಮಾಟುಂಗಾದ ಫಿಲ್ಟರ್ ಕಾಫಿಯನ್ನು ಸಕ್ಕರೆ ಕಡಿಮೆ ಹಾಕಿ ಕುಡಿಯುವವರಿಗೆ ಈ ಹುರಿದ ಕಹಿ ಮೊದಲ ಗುಟುಕಿನಲ್ಲೇ ಪರಿಚಿತವೆನಿಸುತ್ತದೆ. ನೈಟ್ರೋ ಎಂದು ಬರೆದಿದ್ದರೆ ಅದನ್ನು ಸಾರಜನಕ ಹೆಚ್ಚಿರುವ ಅನಿಲ ಮಿಶ್ರಣದಿಂದ ಎಳೆಯುತ್ತಾರೆಂದರ್ಥ. ಗುಳ್ಳೆ ಸಣ್ಣದಾಗಿ, ನೊರೆ ಕೆನೆಯಾಗಿರುತ್ತದೆ.

ಇವಲ್ಲದೆ ಗೋಸೆಯಂಥ ಹುಳಿ ಬಿಯರ್‌ಗಳು, ಕೋಕಂ, ಮಾವು ಮುಂತಾದ ಇಲ್ಲಿನ ಹಣ್ಣು ಹಾಕಿದ ಪ್ರಯೋಗಗಳು, ಸೇಬಿನ ಸೈಡರ್, ಜೇನಿನಿಂದ ಮಾಡುವ ಮೀಡ್ ಕೂಡ ಒಂದೆರಡು ಟ್ಯಾಪ್ ಹಿಡಿದಿರುತ್ತವೆ. ಕೊನೆಯೆರಡು ಬಿಯರ್‌ಗಳೇ ಅಲ್ಲ, ಆದರೆ ಬಿಯರ್ ಒಲ್ಲದ ಗೆಳೆಯರನ್ನು ಕರೆದುಕೊಂಡು ಹೋದಾಗ ಉಪಕಾರಕ್ಕೆ ಬರುತ್ತವೆ.

ನಾಲ್ಕನೆಯ ಹೆಜ್ಜೆ: ತಾಜಾತನವನ್ನು ವಿಚಾರಿಸುವುದು

ಇಲ್ಲೊಂದು ಸಣ್ಣ ಲೆಕ್ಕ ಬೇಕು. 30 ಲೀಟರಿನ ಕೆಗ್‌ನಿಂದ ನೊರೆಯಲ್ಲಿ ಹೋಗುವುದನ್ನು ಬಿಟ್ಟರೆ 330 ಮಿ.ಲೀ.ಯ ಸುಮಾರು 85 ಗ್ಲಾಸ್ ಸಿಗುತ್ತವೆ. ಜನಪ್ರಿಯ ಗೋಧಿ ಬಿಯರ್ ದಿನಕ್ಕೆ 40 ಗ್ಲಾಸ್ ಹೋದರೆ ಆ ಕೆಗ್ ಎರಡು ದಿನದಲ್ಲಿ ಮುಗಿಯುತ್ತದೆ. ಮೂಲೆಯ ಟ್ಯಾಪಿನಲ್ಲಿರುವ, ಯಾರೂ ಕೇಳದ ಬಿಯರ್ ದಿನಕ್ಕೆ ನಾಲ್ಕು ಗ್ಲಾಸ್ ಹೋದರೆ ಅದೇ ಕೆಗ್ ಮೂರು ವಾರ ನಿಲ್ಲುತ್ತದೆ. ಪಾಶ್ಚರೀಕರಿಸದ ಕೆಗ್ ಬಿಯರನ್ನು ತಣ್ಣಗಿಟ್ಟು, ತಯಾರಾದ 45ರಿಂದ 60 ದಿನಗಳೊಳಗೆ ಖರ್ಚು ಮಾಡಬೇಕೆಂಬುದು ಬ್ರೂವರಿಗಳ ಸಾಮಾನ್ಯ ಲೆಕ್ಕಾಚಾರ. ಬ್ರೂವರಿಯ ಗೋದಾಮು, ಸಾಗಣೆ, ಬಾರಿನ ಕೋಲ್ಡ್ ರೂಮು, ಇವೆಲ್ಲ ಆ ಅವಧಿಯ ಪಾಲು ಪಡೆದ ಮೇಲೆ ಟ್ಯಾಪಿನಲ್ಲಿ ಕಳೆಯಲು ಹೆಚ್ಚು ದಿನ ಉಳಿದಿರುವುದಿಲ್ಲ.

ಆದ್ದರಿಂದ ಆರ್ಡರ್ ಮಾಡುವ ಮುನ್ನ ಬಾರ್‌ಟೆಂಡರನನ್ನು ಮೂರು ಪ್ರಶ್ನೆ ಕೇಳಿ. ಇತ್ತೀಚೆಗೆ ಯಾವ ಕೆಗ್ ತೆರೆದಿರಿ? ಇವತ್ತು ಹೆಚ್ಚು ಹೋಗುತ್ತಿರುವುದು ಯಾವುದು? ನೀವು ಡ್ಯೂಟಿ ಮುಗಿದ ಮೇಲೆ ಇವುಗಳಲ್ಲಿ ಯಾವುದನ್ನು ಕುಡಿಯುತ್ತೀರಿ? ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳ ಸಲ ಮೊದಲೆರಡಕ್ಕಿಂತ ಪ್ರಾಮಾಣಿಕವಾಗಿರುತ್ತದೆ. ‘ಎಲ್ಲವೂ ಫ್ರೆಶ್ ಸರ್’ ಎಂಬ ಉತ್ತರ ಬಂದರೆ ಅದು ಉತ್ತರವಲ್ಲ. ಆಗ ಹೆಚ್ಚು ಹೋಗುವ ಬಿಯರನ್ನೇ ಆರಿಸಿಕೊಳ್ಳಿ.

ಎಲ್ಲ ಶೈಲಿಗಳೂ ಕಾಲಕ್ಕೆ ಒಂದೇ ರೀತಿ ಬಾಗುವುದಿಲ್ಲ. ಹಾಪ್ಸ್ ಪರಿಮಳ ಬಹು ಬೇಗ ಆರಿಹೋಗುತ್ತದೆ; ಹೇಜಿ ಐಪಿಎ ತಿಂಗಳು ಕಳೆಯುವಷ್ಟರಲ್ಲಿ ಹಣ್ಣಿನ ಘಮ ಕಳೆದುಕೊಂಡು ಬರಿಯ ಸಿಹಿನೀರಿನಂತಾಗಬಲ್ಲದು. ಗೋಧಿ ಬಿಯರ್ ಮತ್ತು ಪಿಲ್ಸ್ನರ್‌ಗಳಲ್ಲಿ ದೋಷ ಮುಚ್ಚಿಡಲು ಜಾಗವಿಲ್ಲ, ಅವೂ ಹೊಸದಿದ್ದಾಗಲೇ ಚೆನ್ನ. ಶೇ. 8ರ ಆಸುಪಾಸಿನ ಇಂಪೀರಿಯಲ್ ಸ್ಟೌಟ್, ಬೆಲ್ಜಿಯಂ ಮಾದರಿಯ ಗಟ್ಟಿ ಏಲ್‌ಗಳು, ಹುಳಿ ಬಿಯರ್‌ಗಳು ಮಾತ್ರ ಕೆಲವು ವಾರ ಹೆಚ್ಚು ಕಾದರೂ ಬೇಸರಪಡುವುದಿಲ್ಲ. ವ್ಯಾಪಾರ ಮಂದವಾಗಿರುವ ಬಾರಿನಲ್ಲಿ ಕುಳಿತಿದ್ದೀರೆಂದು ಅನ್ನಿಸಿದರೆ ಈ ಗಟ್ಟಿ ಗುಂಪಿನತ್ತ ಸರಿಯುವುದು ಜಾಣತನ.

ಕೆಗ್‌ನಿಂದ ಟ್ಯಾಪ್‌ವರೆಗಿನ ಕೊಳವೆಯ ವಿಷಯವೂ ಅಷ್ಟೇ ಮುಖ್ಯ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಆ ಕೊಳವೆಯನ್ನು ಕನಿಷ್ಠ ಎರಡು ವಾರಕ್ಕೊಮ್ಮೆ ರಾಸಾಯನಿಕ ದ್ರಾವಣದಿಂದ ತೊಳೆಯಬೇಕೆಂಬುದು ಈ ವೃತ್ತಿಯ ಒಪ್ಪಿತ ನಿಯಮ. ತೊಳೆಯದಿದ್ದರೆ ಒಳಗೋಡೆಯಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಪದರಗಟ್ಟಿ ಎಂಥ ಒಳ್ಳೆಯ ಬಿಯರನ್ನೂ ಹುಳಿಯಾಗಿಸುತ್ತವೆ. ಬಾರ್ ತೆರೆದ ತಕ್ಷಣ ಹೋದವರು ಇನ್ನೊಂದು ಮಾತು ನೆನಪಿಡಬೇಕು: ಹಿಂದಿನ ರಾತ್ರಿಯಿಂದ ಕೊಳವೆಯಲ್ಲೇ ನಿಂತ ಬಿಯರ್ ಮೊದಲ ಗ್ಲಾಸಿಗೆ ಬರುತ್ತದೆ. ಒಳ್ಳೆಯ ಬಾರಿನವರು ಅದನ್ನು ಚೆಲ್ಲಿ ಆಮೇಲೆ ತುಂಬುತ್ತಾರೆ.

ಐದನೆಯ ಹೆಜ್ಜೆ: ರುಚಿ ನೋಡುವುದು, ಕ್ರಮ ಹಾಕಿಕೊಳ್ಳುವುದು

ಒಂದೆರಡು ಬಿಯರ್‌ಗಳ ಬಗ್ಗೆ ಅನುಮಾನವಿದ್ದರೆ ರುಚಿ ನೋಡಲು ಗುಟುಕಷ್ಟು ಕೊಡಿ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ, ಬಹಳಷ್ಟು ಕಡೆ ಪುಕ್ಕಟೆಯಾಗಿಯೇ ಕೊಡುತ್ತಾರೆ. ಆದರೆ ಹಿಂದೆ ಸಾಲು ನಿಂತಿರುವಾಗ ಆರು ಬಗೆಯ ಗುಟುಕು ಕೇಳಿ ಕೊನೆಗೆ ಮೊದಲನೆಯದನ್ನೇ ತೆಗೆದುಕೊಳ್ಳುವವರು ಸರದಿಯಲ್ಲಿರುವ ಎಲ್ಲರ ಶಾಪಕ್ಕೂ ಅರ್ಹರು. ಅಷ್ಟು ಕುತೂಹಲವಿದ್ದರೆ ಹಣ ಕೊಟ್ಟು ಸ್ಯಾಂಪ್ಲರ್ ತರಿಸಿಕೊಳ್ಳಿ. ಮರದ ಹಲಗೆಯ ಮೇಲೆ ನಾಲ್ಕರಿಂದ ಆರು ಸಣ್ಣ ಗ್ಲಾಸ್‌ಗಳಲ್ಲಿ ಬರುವ ಇದು, ಹೆಚ್ಚು ಟ್ಯಾಪ್‌ಗಳಿರುವ ಬಾರನ್ನು ಅರಿಯಲು ಎಲ್ಲಕ್ಕಿಂತ ಒಳ್ಳೆಯ ದಾರಿ. ತಲಾ 100 ಮಿ.ಲೀ.ಯ ನಾಲ್ಕು ಗ್ಲಾಸ್‌ಗಳ ಸರಾಸರಿ ಶೇ. 6 ಇದ್ದರೆ ಅಷ್ಟರಲ್ಲೇ ಸುಮಾರು 19 ಗ್ರಾಂ ಆಲ್ಕೋಹಾಲ್ ಇರುತ್ತದೆ ಎಂಬುದು ಮಾತ್ರ ಗಮನದಲ್ಲಿರಲಿ, ಶೇ. 5ರ 330 ಮಿ.ಲೀ. ಬಿಯರ್‌ನಲ್ಲಿರುವುದು 13 ಗ್ರಾಂ.

ಕ್ರಮದ ಸೂತ್ರ ಸರಳ. ತೆಳುವಿನಿಂದ ಗಟ್ಟಿಗೆ, ಕಹಿ ಕಡಿಮೆಯಿಂದ ಹೆಚ್ಚಿಗೆ, ಹುರಿದ ರುಚಿ ಕೊನೆಗೆ. ಪಿಲ್ಸ್ನರ್ ಅಥವಾ ಕೋಲ್ಷ್, ಆಮೇಲೆ ಗೋಧಿ ಬಿಯರ್, ಆಮೇಲೆ ಪೇಲ್ ಏಲ್, ಐಪಿಎ, ಕಡೆಗೆ ಸ್ಟೌಟ್. ಐಪಿಎಯಿಂದ ಆರಂಭಿಸಿದರೆ ಅದರ ಕಹಿ ನಾಲಿಗೆಯಲ್ಲಿ ಉಳಿದು ಮುಂದಿನ ಗೋಧಿ ಬಿಯರ್ ನೀರೆನಿಸುತ್ತದೆ. ಹುಳಿ ಬಿಯರನ್ನು ಆರಂಭದಲ್ಲೋ ನಡುವೆ ನಾಲಿಗೆ ತೊಳೆಯುವುದಕ್ಕೋ ಬಳಸಬಹುದು. ಪ್ರತಿ ಗ್ಲಾಸಿನ ನಡುವೆ ನೀರು ಕುಡಿಯಿರಿ.

ಇಷ್ಟವಾದುದನ್ನು ಫೋನಿನಲ್ಲಿ ಎರಡು ಪದಗಳಲ್ಲಿ ಬರೆದಿಟ್ಟುಕೊಳ್ಳಿ. ಬಿಯರಿನ ಹೆಸರಿಗಿಂತ ಬ್ರೂವರಿ ಮತ್ತು ಶೈಲಿಯನ್ನು ಬರೆದಿಡುವುದು ಉಪಯುಕ್ತ, ಏಕೆಂದರೆ ಮುಂದಿನ ಸಲ ಆ ಹೆಸರು ಇರುವುದಿಲ್ಲ, ಆ ಬ್ರೂವರಿಯ ಇನ್ನೇನೋ ಇರುತ್ತದೆ. ಕುಡಿದವರು ಬಿಯರ್‌ಗೆ ಅಂಕ ಕೊಡುವ ಅನ್‌ಟ್ಯಾಪ್ಡ್‌ನಂಥ ಆ್ಯಪ್‌ಗಳ ಅಂಕಗಳು ಗಟ್ಟಿ ಸ್ಟೌಟ್ ಮತ್ತು ಡಬಲ್ ಐಪಿಎಗಳ ಕಡೆ ವಾಲಿರುತ್ತವೆ. ಚೆಂದದ ಪಿಲ್ಸ್ನರಿಗೆ ಅಲ್ಲಿ ನ್ಯಾಯ ಸಿಗುವುದಿಲ್ಲ.

ಆರನೆಯ ಹೆಜ್ಜೆ: ಗ್ಲಾಸನ್ನು ನೋಡುವುದು, ಬೇಕಾದರೆ ಹಿಂದಿರುಗಿಸುವುದು

ನೊರೆ ಕಂಡರೆ ಮೋಸವೆಂದು ಭಾವಿಸುವುದು ನಮ್ಮ ಹಳೆಯ ಚಾಳಿ. ಎರಡು ಬೆರಳಿನಷ್ಟು ನೊರೆ ಪರಿಮಳವನ್ನು ಹಿಡಿದಿಡುತ್ತದೆ. ಗೋಧಿ ಬಿಯರ್‌ಗೆ ಇನ್ನೂ ಹೆಚ್ಚೇ ಬೇಕು. ಅಳತೆಯ ಗೆರೆಯಿರುವ ಗ್ಲಾಸಾದರೆ ದ್ರವ ಗೆರೆ ಮುಟ್ಟಿದೆಯೇ ಎಂದಷ್ಟೇ ನೋಡಿ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದರೆ ಅಲ್ಲಿ ಜಿಡ್ಡೋ ಸೋಪೋ ಉಳಿದಿದೆ. ಶುಚಿಯಾದ ಗ್ಲಾಸಿನಲ್ಲಿ ಪ್ರತಿ ಗುಟುಕಿನ ನಂತರ ನೊರೆ ಬಲೆಯಂತೆ ಒಳಗೋಡೆಯಲ್ಲಿ ಉಳಿಯುತ್ತದೆ. ಹಿಮಗಟ್ಟಿದ ಗ್ಲಾಸ್ ತಂದರೆ ಬೇಡವೆನ್ನಿ. ಅತಿ ತಂಪಿನಲ್ಲಿ ಪರಿಮಳ ಏಳುವುದಿಲ್ಲ. ಟ್ಯಾಪಿನಿಂದ ಬಿಯರ್ ಸುಮಾರು 3ರಿಂದ 4 ಡಿಗ್ರಿಯಲ್ಲಿ ಬರುತ್ತದೆ. ಲಾಗರ್‌ಗೆ ಅದು ಸರಿ, ಸ್ಟೌಟ್ 10 ಡಿಗ್ರಿ ದಾಟಿದ ಮೇಲೆ ಬಾಯಿಬಿಡುತ್ತದೆ. ಹಾಗಾಗಿ ಅದನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಡಿ.

ಮೊದಲು ಮೂಸಿ, ಆಮೇಲೆ ಕುಡಿಯಿರಿ. ಲಾಗರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್, ಹುದುಗು ಪೂರ್ತಿಯಾಗಿಲ್ಲ ಅಥವಾ ಕೊಳವೆ ಕೊಳೆಯಾಗಿದೆ. ಹಸಿ ಸೇಬಿನ ವಾಸನೆ ಎಳಸು ಬಿಯರಿನದು. ಬೇಯಿಸಿದ ಜೋಳದ ವಾಸನೆಯೂ ಪಿಲ್ಸ್ನರ್‌ನಲ್ಲಿ ಢಾಳಾಗಿದ್ದರೆ ದೋಷವೇ. ಒದ್ದೆ ರಟ್ಟಿನ ವಾಸನೆ ಹಳೆಯದರ, ಆಮ್ಲಜನಕ ತಗುಲಿದ್ದರ ಗುರುತು. ಹುಳಿ ಶೈಲಿಯಲ್ಲದ ಬಿಯರ್‌ನಲ್ಲಿ ವಿನೆಗರ್ ಹುಳಿ ಇದ್ದರೆ ಕೊಳವೆಯ ಕಡೆ ಬೆರಳು ತೋರಿಸಬಹುದು. ಇಂಥ ಸಂದರ್ಭದಲ್ಲಿ ಎರಡು ಗುಟುಕಿನೊಳಗೆ, ದನಿ ಏರಿಸದೆ, ಯಾವ ವಾಸನೆ ಬರುತ್ತಿದೆ ಎಂದು ನಿರ್ದಿಷ್ಟವಾಗಿ ಹೇಳಿ ಗ್ಲಾಸನ್ನು ಹಿಂದಿರುಗಿಸಿ. ಮುಕ್ಕಾಲು ಕುಡಿದು ಮುಗಿಸಿದ ಮೇಲೆ ದೂರುವುದು ಸಲ್ಲದು. ಐಪಿಎ ಕಹಿಯಾಗಿದೆ, ಗೋಸೆ ಹುಳಿಯಾಗಿದೆ, ಹೆಫೆವೈಜನ್ ಮಸುಕಾಗಿದೆ ಎಂಬವು ದೂರುಗಳಲ್ಲ, ಅವು ಆ ಶೈಲಿಗಳ ಲಕ್ಷಣ.

ಏಳನೆಯ ಹೆಜ್ಜೆ: ಜೊತೆಗೆ ತಿನ್ನುವುದು

ಖಾರಕ್ಕೆ ಕಹಿ ಐಪಿಎ ಜೋಡಿ ಎಂದು ಹಲವು ಮೆನುಗಳು ಹೇಳುತ್ತವೆ, ನಾನು ಒಪ್ಪುವುದಿಲ್ಲ. ಹಾಪ್ಸ್‌ನ ಕಹಿಯೂ ಹೆಚ್ಚಿನ ಆಲ್ಕೋಹಾಲೂ ಮೆಣಸಿನ ಉರಿಯನ್ನು ಏರಿಸುತ್ತವೆ. ಕುಂದಾಪುರ ಶೈಲಿಯ ಚಿಕನ್ ಘೀ ರೋಸ್ಟ್ ಸಿಕ್ಕಿದರೆ ಅದಕ್ಕೆ ಮಾಲ್ಟಿನ ಸಿಹಿಯಿರುವ ಆ್ಯಂಬರ್ ಅಥವಾ ಬ್ರೌನ್ ಏಲ್ ಒಪ್ಪುತ್ತದೆ, ಕೋಳಿವಾಡಾ ಸಿಗಡಿಗೂ ಬೊಂಬಿಲ್ ಫ್ರೈಗೂ ಪಿಲ್ಸ್ನರ್ ಅಥವಾ ವಿಟ್‌ಬಿಯರ್. ಸಸ್ಯಾಹಾರಿಗಳು ಮಸಾಲೆ ಶೇಂಗಾ, ಕರಿದ ಪನೀರಿನೊಂದಿಗೆ ಇದೇ ಸೂತ್ರ ಅನುಸರಿಸಬಹುದು. ಐಪಿಎಯನ್ನು ಖಾರವಿಲ್ಲದ, ಜಿಡ್ಡಿರುವ ಬರ್ಗರಿಗೋ ಚೀಸಿಗೋ ಮೀಸಲಿಡಿ. ಸ್ಟೌಟ್‌ನೊಂದಿಗೆ ಚಾಕೊಲೆಟ್ ಕೇಕ್ ತಿನ್ನುವುದು ವಿಚಿತ್ರವೆನಿಸಿದರೂ ಮಾಡಿ ನೋಡಬೇಕಾದದ್ದು.

ಎಂಟನೆಯ ಹೆಜ್ಜೆ: ಬಿಲ್ಲು ಮತ್ತು ಮರಳುದಾರಿ

ಬೆಲೆ ಹೋಲಿಸುವಾಗ 100 ಮಿ.ಲೀ.ಗೆ ಎಷ್ಟಾಯಿತೆಂದು ನೋಡಿ. 330 ಮಿ.ಲೀ.ಗೆ 400 ರೂಪಾಯಿ, 500ಕ್ಕೆ 550 ಎಂದಿದ್ದರೆ ಮೊದಲನೆಯದು 100 ಮಿ.ಲೀ.ಗೆ 121 ರೂ., ಎರಡನೆಯದು 110 ರೂ. ಬೀಳುತ್ತದೆ, ಆದರೂ ಹಲವು ಬಗೆ ನೋಡಬೇಕೆಂದು ಹೋದವರಿಗೆ ಚಿಕ್ಕ ಗ್ಲಾಸೇ ಲಾಭ. ಬಿಲ್ಲಿನಲ್ಲಿ ಆಹಾರಕ್ಕೆ ಜಿಎಸ್‌ಟಿ ಇರುತ್ತದೆ, ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಅದರ ಮೇಲೆ ರಾಜ್ಯದ ತೆರಿಗೆ ಬೇರೆಯಾಗಿ ಬರುತ್ತದೆ. ಸೇವಾ ಶುಲ್ಕ ಕಡ್ಡಾಯವಲ್ಲ, ಬೇಡವೆಂದು ತೆಗೆಸಬಹುದು. ಹಾಗೆ ತೆಗೆಸಿದವರು ಚೆನ್ನಾಗಿ ನೋಡಿಕೊಂಡ ಬಾರ್‌ಟೆಂಡರನ ಕೈಗೆ ನೇರವಾಗಿ ಏನಾದರೂ ಕೊಟ್ಟರೆ ಚೆನ್ನ.

ಮನೆಗೆ ಮರಳುವ ವ್ಯವಸ್ಥೆಯನ್ನು ಮೊದಲ ಗ್ಲಾಸಿಗೆ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಡೊಂಬಿವಲಿ, ಠಾಣೆ, ಮೀರಾ ರೋಡಿನಿಂದ ಬಂದವರು ಕೊನೆಯ ಲೋಕಲ್‌ನ ವೇಳೆಯನ್ನು ಆ ದಿನವೇ ಖಚಿತಪಡಿಸಿಕೊಳ್ಳಿ, ಭಾನುವಾರವಾದರೆ ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದೆಯೇ ಎಂದೂ ನೋಡಿ. ಅಮಲಿನಲ್ಲಿ ರೈಲಿನಲ್ಲಿ ಗಲಾಟೆ ಮಾಡುವುದು 1989ರ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ತಡವಾದರೆ ರಿಕ್ಷಾ ಅಥವಾ ಕ್ಯಾಬ್. ಬಾಂದ್ರಾದ ದಕ್ಷಿಣಕ್ಕೆ ರಿಕ್ಷಾ ಓಡುವುದಿಲ್ಲವೆಂಬುದನ್ನು ಹೊರಗಿನವರು ಮರೆಯಬಾರದು.

ಸ್ವಂತ ವಾಹನವಂತೂ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ಸಲಕ್ಕೇ 6 ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ. ನಾಕಾಬಂದಿಯ ಪೊಲೀಸರಿಗೆ ಅದು ಕ್ರಾಫ್ಟ್ ಬಿಯರೋ ಬಾಟಲಿಯದೋ ಎಂಬುದರಲ್ಲಿ ಆಸಕ್ತಿಯಿಲ್ಲ. ಬಿಯರಿನ ಮಿಲಿಲೀಟರನ್ನು ಎಬಿವಿಯ ಶೇಕಡಾದಿಂದಲೂ 0.789ರಿಂದಲೂ ಗುಣಿಸಿದರೆ ಆಲ್ಕೋಹಾಲಿನ ಗ್ರಾಂ ಸಿಗುತ್ತದೆ, ಶೇ. 6ರ 500 ಮಿ.ಲೀ.ಯಲ್ಲಿ ಸುಮಾರು 24 ಗ್ರಾಂ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಅಷ್ಟೇ ಕರಗಿಸಬಲ್ಲದು, ಕಾಫಿಯೋ ತಣ್ಣೀರ ಸ್ನಾನವೋ ಅದರ ವೇಗವನ್ನು ಹೆಚ್ಚಿಸುವುದಿಲ್ಲ. ಅಂಥ ನಾಲ್ಕು ಗ್ಲಾಸ್‌ಗಳನ್ನು ರಾತ್ರಿ 9ರಿಂದ ಕುಡಿದವರ ಮೈಯಲ್ಲಿ ಮರುದಿನ ಬೆಳಿಗ್ಗೆ 10ರವರೆಗೂ ಅಂಶ ಉಳಿದಿರಬಹುದು. 7 ಗಂಟೆಗೆ ಕಾರು ತೆಗೆದು ಪುಣೆಗೆ ಹೊರಡಬೇಕಾದವರು ಹಿಂದಿನ ಸಂಜೆ ಸ್ಯಾಂಪ್ಲರ್ ಒಂದಕ್ಕೇ ನಿಲ್ಲಿಸಬೇಕು.